ಅರ್ಧ ಅಂಕದ ಪಾಪ

ಆ ನರ್ಸಿಂಗ್ ಕಾಲೇಜಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸೇರಿದ ವಾರದಲ್ಲೇ ಪಾಪಮ್ಮ ಎಂಬ ಅಡ್ಡಹೆಸರು ಅಂಟಿಕೊಂಡಿತು, ಅದಕ್ಕೆ ಅವಳ ನಾಲಿಗೆಯೇ ಕಾರಣ. ಗೆಳತಿಗೆ ನೆಗಡಿಯಾದರೆ "ಪಾಪ," ಬಸ್ಸು ಕೆಟ್ಟು ನಿಂತರೆ "ಪಾಪ ಡ್ರೈವರ್," ಪಾಠದ ಕೋಣೆಯ ಮೂಲೆಯಲ್ಲಿ ತೂಗುಹಾಕಿದ್ದ ಅಸ್ಥಿಪಂಜರವನ್ನು ಮೊದಲ ಸಲ ಕಂಡಾಗಲೂ "ಅಯ್ಯೋ ಪಾಪ, ಎಷ್ಟು ಸೊರಗಿಹೋಗಿದ್ದಾರೆ" ಎಂದುಬಿಟ್ಟಿದ್ದಳು. ಅವತ್ತು ಇಡೀ ತರಗತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅವಳೂ ನಕ್ಕಳು. ನಕ್ಕು ನಕ್ಕು ಕೆಮ್ಮು ಹತ್ತಿದ ಪಕ್ಕದ ಹುಡುಗಿಯ ಬೆನ್ನು ಸವರಿ ಇನ್ನೊಂದು ಸಲ "ಪಾಪ" ಅಂದಳು.

ಈ ಮಾತು ಅವಳ ಸ್ವಂತ ಸಂಪಾದನೆಯಲ್ಲ, ಅಜ್ಜಿಯಿಂದ ಬಂದ ಆಸ್ತಿ. ಅಪ್ಪ ಲಾರಿ ಓಡಿಸುತ್ತ ಊರೂರು ಸುತ್ತುವವರು, ಅಮ್ಮನಿಗೆ ಬೇಕರಿಯ ಕೌಂಟರಿನಲ್ಲಿ ಕೆಲಸ. ಹಾಗಾಗಿ ಹುಡುಗಿ ಬೆಳೆದದ್ದು ಅಮ್ಮನ ಅಮ್ಮನ ಮಡಿಲಲ್ಲೇ ಎನ್ನಬೇಕು. ಅಜ್ಜಿಯದು ಕಾಜದ ಕೆಲಸ. ಬೀದಿಯ ಕೊನೆಯ ಟೈಲರ್ ಅಂಗಡಿಯಿಂದ ಹೊಲಿದ ಅಂಗಿಗಳ ಗಂಟು ಬರುತ್ತಿತ್ತು. ಅಜ್ಜಿ ಮುಂದಿನ ಕೋಣೆಯ ಕಿಟಕಿಯ ಬಳಿ ಕೂತು ಗುಂಡಿಗೆ ಬೇಕಾದ ಸೀಳು ಕತ್ತರಿಸಿ, ಅದರ ಅಂಚಿಗೆ ಸುತ್ತಲೂ ಒತ್ತೊತ್ತಾಗಿ ದಾರ ಹಾಕಿ, ಎದುರಿಗೆ ಗುಂಡಿ ಕೂರಿಸಿ ವಾಪಸ್ ಕಳಿಸುವಳು. ಮಿಷಿನ್ ಕಾಜ ಅಂದರೆ ಅವಳಿಗೆ ತಾತ್ಸಾರ. "ನಾಲ್ಕು ಸಲ ಒಗೆದ್ರೆ ಬಾಯಿ ಬಿಟ್ಕೊಂಡು ಕೂರುತ್ತೆ ಅದು," ಎನ್ನುವಳು. ಕೈ ಕಾಜಕ್ಕೆ ಕೂತರೆ ಬಾಯಿ ಲೋಕದ ಕಷ್ಟಕ್ಕೆ. ದಾರ ತುಂಡಾದರೆ ಪಾಪ. ರೇಡಿಯೋದಲ್ಲಿ ವಾರ್ತೆ ಓದುವವಳ ಗಂಟಲು ಕಟ್ಟಿದ್ದರೆ ಪಾಪ. ಬಾಗಿಲಿಗೆ ಬಂದವರು ಯಾರೇ ಆಗಲಿ, ಒಂದು ಪಾಪ ಮತ್ತು ಒಂದು ಲೋಟ ಚಹಾ ತೆಗೆದುಕೊಳ್ಳದೆ ಹೋಗುವಂತಿರಲಿಲ್ಲ.

ಇಂಥ ಮನೆಯಿಂದ ಬಂದವಳಿಗೆ ನರ್ಸಿಂಗ್ ಓದು ನೀರು ಕುಡಿದಷ್ಟು ಸಲೀಸು ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು. ಅದಕ್ಕೆ ಆಧಾರವೂ ಇತ್ತು. ವರ್ಷದ ಆರಂಭದಲ್ಲಿ ಕಾಲೇಜಿನವರು ಎಲ್ಲರ ಎಂಪಥಿ, ಅಂದರೆ ಇನ್ನೊಬ್ಬರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯುವ ಗುಣ, ಅಳೆದರು. ರಕ್ತದೊತ್ತಡ ಅಳೆದಂತೆ ಎಂಪಥಿಯನ್ನೂ ಅಳೆಯುತ್ತಾರೆಯೇ ಎಂದು ಮೂಗಿನ ಮೇಲೆ ಬೆರಳಿಡಬೇಡಿ, ಅಳೆಯುತ್ತಾರೆ. ಪ್ರಶ್ನೆಪತ್ರಿಕೆಯಲ್ಲಿ 'ರೋಗಿಯ ದುಃಖ ನನ್ನನ್ನು ತಟ್ಟುತ್ತದೆ' ಎಂಬಂಥ ಸಾಲುಗಳಿದ್ದವು, ಪಕ್ಕದಲ್ಲಿ ಒಂದರಿಂದ ಏಳರವರೆಗೆ ಅಂಕಿಗಳು. ಎಷ್ಟು ತಟ್ಟುತ್ತದೋ ಅಷ್ಟಕ್ಕೆ ಸುತ್ತು ಹಾಕಬೇಕು. ಪಾಪಮ್ಮ ಏಳರಿಂದ ಕೆಳಗೆ ಇಳಿಯಲೇ ಇಲ್ಲ. ಒಂದು ಕಡೆ ಏಳು ಸಾಲದೆಂದು ತಾನೇ ಎಂಟು ಬರೆದು ಅದಕ್ಕೆ ಸುತ್ತು ಹಾಕಿದ್ದಳು. ತರಗತಿಗೇ ಮೊದಲು ಬಂದಳು.

ಎರಡನೆಯ ಅಳತೆ ಕಾಗದದ ಮೇಲಲ್ಲ, ಮುಖಾಮುಖಿ. ಕಾಲೇಜಿನ ಹಿಂದಿನ ಕೋಣೆಯಲ್ಲಿ ವಾರ್ಡಿನಂತೆಯೇ ಒಂದು ಮಂಚ, ಪರದೆ, ನೀರಿನ ಜಗ್ಗು. ಮಂಚದ ಮೇಲೆ ರೋಗಿಯ ವೇಷದಲ್ಲಿ ನೋವಿನ ಮೇಷ್ಟ್ರು. ಅವರು ನಿಜವಾಗಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಪರೀಕ್ಷೆಗೆ ಬೇಕಾದ ರೋಗಿಯ ಪಾತ್ರ ಮಾಡಲು ಕಾಲೇಜು ಕರೆಸುತ್ತಿತ್ತು. ಹೊಟ್ಟೆನೋವು, ಎದೆನೋವು, ಮುರಿದ ಕಾಲು, ಯಾವುದಕ್ಕೂ ಸೈ. ಬಿಡುವಿನ ಹೊತ್ತಿನಲ್ಲಿ ಬಿಸ್ಕತ್ತು ತಿನ್ನುತ್ತ, "ಇವತ್ತಿನ ಹುಡುಗೀರ ಕೈ ಮಂಜುಗಡ್ಡೆ ಇದ್ದ ಹಾಗಿದೆ ಮೇಡಂ, ನನ್ನ ಸುಳ್ಳು ನೋವು ನಿಜವಾಗ್ತಿದೆ," ಎಂದು ದೂರುವರು.

ಮೂಲೆಯ ಕುರ್ಚಿಯಲ್ಲಿ ಕೂತು ಅಂಕ ಹಾಕುವವರು ಅರ್ಧ ಅಂಕದ ಮೇಡಂ. ಅವರು ಕೊಡುವುದೂ ಅರ್ಧರ್ಧ, ಕಡಿಯುವುದೂ ಅರ್ಧರ್ಧ. ಈ ಪರೀಕ್ಷೆಗೆ ಅವರದೇ ಒಂದು ಪದ್ಧತಿ ಇತ್ತು. ಪ್ರತಿ ರೋಗಿಗೂ ಒಂದು ಕಾಯಿಲೆಯ ಜೊತೆಗೆ ಒಂದು ಒಳಮಾತನ್ನೂ ಬರೆದು ಮೇಷ್ಟ್ರ ಕೈಗೆ ಕೊಡುತ್ತಿದ್ದರು. ಕಾಯಿಲೆಯನ್ನು ಕೇಳಿದವರಿಗೆಲ್ಲ ಹೇಳಬಹುದು. ಒಳಮಾತನ್ನು ಮಾತ್ರ, ಎದುರಿಗಿರುವವರ ಹತ್ತಿರ ಹೇಳಬೇಕು ಎಂದು ಮೇಷ್ಟ್ರಿಗೆ ಮನಸ್ಸಾದರೆ ಮಾತ್ರ ಹೇಳಬೇಕು. ಇಲ್ಲವಾದರೆ ನುಂಗಿಕೊಂಡು ಮಲಗಬೇಕು. ಅಂಕಗಳಲ್ಲಿ ದೊಡ್ಡ ಪಾಲು ಆ ಒಳಮಾತಿಗೆ, ಉಳಿದದ್ದು ರೋಗಿಗೆ ಹೇಳಬೇಕಾದ ವಾಕ್ಯಗಳ ಒಂದು ಪಟ್ಟಿಗೆ.

ಮೊದಲ ಸಲ ಪಾಪಮ್ಮ ಪರದೆ ಸರಿಸಿ ಒಳಗೆ ಹೋದಾಗ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಮುದುಡಿದ್ದರು. ಅವರು ಇನ್ನೂ ತುಟಿ ಬಿಚ್ಚಿರಲಿಲ್ಲ. ಇವಳು, "ಅಯ್ಯೋ ಪಾಪ, ತುಂಬಾ ನೋಯ್ತಿದ್ಯಾ ಸರ್? ಪಾಪ, ಒಬ್ಬರೇ ಬಂದಿದ್ದೀರಾ? ಪಾಪ, ಏನಾದ್ರೂ ತಿಂದಿದ್ದೀರೋ ಇಲ್ವೋ," ಎಂದು ಶುರು ಹಚ್ಚಿಕೊಂಡಳು. ಮೇಷ್ಟ್ರು ಅವಳನ್ನು ಒಮ್ಮೆ ನೋಡಿ, "ಏನಿಲ್ಲ ಬಿಡಮ್ಮ, ವಯಸ್ಸಾಯ್ತಲ್ಲ," ಎಂದು ಗೋಡೆಯ ಕಡೆ ಹೊರಳಿದರು. ಆಮೇಲೆ ಗಂಟೆ ಹೊಡೆಯುವವರೆಗೂ ಅವಳು ಅವರ ಬೆನ್ನಿಗೇ ಕರುಣೆ ತೋರಿಸಿದಳು.

ಫೇಲು. ಕಾಗದದ ಮೇಲೆ ಎಲ್ಲರಿಗಿಂತ ಮೊದಲು ಬಂದವಳು ಮಂಚದ ಮುಂದೆ ಎಲ್ಲರಿಗಿಂತ ಕೊನೆಗೆ ಬಂದಿದ್ದಳು. ಮುಂದಿನ ಸೋಮವಾರ ಇನ್ನೊಂದು ಅವಕಾಶವಿತ್ತು. ಅದರಲ್ಲೂ ಬಿದ್ದರೆ ಜೊತೆಯವರೆಲ್ಲ ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಹೋಗುವಾಗ ಇವಳು ಕಿರಿಯರ ಜೊತೆ ಹಿಂದಿನ ಬೆಂಚಿನಲ್ಲಿ ಕೂತು ಮತ್ತೆ ಇದೇ ಪಾಠ ಕೇಳಬೇಕು.

ಮೇಡಂ ಅವಳನ್ನು ಕರೆಸಿದರು. "ಮೇಷ್ಟ್ರು ಯಾಕೆ ಗೋಡೆ ಕಡೆ ತಿರುಗಿದ್ರು, ಹೇಳು."

"ಹೊಟ್ಟೆನೋವಿಗೆ ಮೇಡಂ."

"ನಿನ್ನಿಂದ. ಎಂಪಥಿ ಬೇರೆ, ಸಿಂಪಥಿ ಬೇರೆ ಅಂತ ಬೋರ್ಡ್ ತುಂಬಾ ಬರೆದಿದ್ದೆ, ಅದು ಬೋರ್ಡಲ್ಲೇ ಉಳೀತು. ಅವರಣ್ಣ ಇದೇ ಹೊಟ್ಟೆನೋವಿಂದ ಸತ್ತಿದ್ರು, ತನಗೂ ಅದೇ ಗತಿನಾ ಅಂತ ಭಯ. ಅದು ಅವರ ಒಳಮಾತು. ಅದನ್ನ ಹೇಳೋಕೆ ನೀನು ಜಾಗ ಎಲ್ಲಿ ಕೊಟ್ಟೆ? ಅವರು ಬಾಯಿ ತೆಗೆಯೋ ಮುಂಚೆನೇ ಪಾಪ ಅಂತ ತೀರ್ಪು ಕೊಟ್ಟು ಕೇಸು ಮುಗಿಸಿಬಿಟ್ಟೆ."

"ಒಳ್ಳೇ ಮನಸ್ಸಿಂದನೇ ಅಂದಿದ್ದು ಮೇಡಂ..."

"ಮನಸ್ಸು ಒಳ್ಳೇದೇ. ಅದು ನನಗೆ ಗೊತ್ತಿಲ್ದೇ ಇದ್ರೆ ನಿನ್ನ ಕೂರಿಸಿಕೊಂಡು ಇಷ್ಟು ಮಾತಾಡ್ತಿರಲಿಲ್ಲ." ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ಸೋಮವಾರ ಒಂದೊಂದು ಪಾಪಕ್ಕೂ ಅರ್ಧ ಅಂಕ ಕಡಿತೀನಿ. ಬಾಯಿಗೆ ಏನಾದ್ರೂ ಕೆಲಸ ಬೇಕೇ ಬೇಕು ಅಂದ್ರೆ, ಪಟ್ಟಿಯಲ್ಲಿರೋ ವಾಕ್ಯ ಹೇಳು. ನಿಮಗೆ ಇದು ಕಷ್ಟವಾಗಿರಬೇಕು, ಇನ್ನಷ್ಟು ಹೇಳುತ್ತೀರಾ, ಅಂತ. ಹೇಳಿ ಆದ ಮೇಲೆ ಸುಮ್ಮನೆ ಕೂತ್ಕೋ."

ಸುಮ್ಮನೆ ಕೂರುವುದು! ಅವಳ ವಂಶದಲ್ಲಿ ಯಾರೂ ಮಾಡದ ಕೆಲಸ ಅದು.

ಮನೆಗೆ ಬಂದು ಅಳುಮೋರೆ ಮಾಡಿಕೊಂಡು ಸಂಗತಿ ಹೇಳಿದಾಗ ಅಜ್ಜಿ ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟು ಕಣ್ಣರಳಿಸಿದಳು. "ಪಾಪ ಅಂದಿದ್ದಕ್ಕೆ ಫೇಲ್ ಮಾಡಿದ್ರಾ? ಅಯ್ಯೋ, ಪಾಪ ಆ ಮೇಡಂ. ಮನೇಲಿ ಏನು ಕಷ್ಟವೋ ಏನೋ."

"ಅಜ್ಜೀ!"

"ಸರಿ, ಸರಿ, ಅನ್ನಲ್ಲ. ನೀನೇನೂ ಯೋಚಿಸ್ಬೇಡ. ವಾರ್ಡಿಗೆ ಹೋಗೇ ಹೋಗ್ತೀಯ. ನಿನ್ನ ಕೋಟಿನ ಬಟ್ಟೆ ಟೈಲರ್ ಆಗಲೇ ಹೊಲಿದು ಕಳಿಸಿದ್ದಾನೆ. ಕಾಜ ನಾನೇ ಹಾಕೋದು. ಮುಗಿಯೋವರೆಗೂ ಮುಟ್ಟೋ ಹಾಗಿಲ್ಲ, ನೋಡೋ ಹಾಗೂ ಇಲ್ಲ."

ಆ ವಾರವಿಡೀ ಪಾಪಮ್ಮ ನಾಲಿಗೆಯ ಜೊತೆ ಕುಸ್ತಿ ಮಾಡಿದಳು. ಕಾಲೇಜಿನ ಮೆಟ್ಟಿಲಲ್ಲಿ ಗೆಳತಿ ಎಡವಿದಳು. ಇವಳು ತುಟಿ ಕಚ್ಚಿಕೊಂಡು, "ನಿನಗೆ ಇದು ಕಷ್ಟವಾಗಿರಬೇಕು. ಇನ್ನಷ್ಟು ಹೇಳುತ್ತೀಯಾ?" ಎಂದಳು. "ಮೊದಲು ಎತ್ತೇ!" ಎಂದು ಗೆಳತಿ ಬೈದಳು. ಬೇಕರಿಯಿಂದ ಬಂದ ಅಮ್ಮ ಕಾಲು ನೋವೆಂದು ಕುರ್ಚಿಗೆ ಕುಸಿದಾಗಲೂ ಅದೇ ವಾಕ್ಯ. ಅಮ್ಮ ಗಾಬರಿಯಾಗಿ ಅವಳ ಹಣೆ ಮುಟ್ಟಿ ನೋಡಿದಳು.

ಅಜ್ಜಿಯ ಹತ್ತಿರವಂತೂ ಮಾನ ಹೋಯಿತು. ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆಯ ತುಂಬ ಹರಿಯಿತು. ಪಾಪಮ್ಮ ಹತ್ತಿರ ಹೋಗಿ, ಅಜ್ಜಿಯ ಕಣ್ಣಲ್ಲಿ ಕಣ್ಣಿಟ್ಟು, ಕಲಿತ ದನಿಯಲ್ಲಿ, "ಅಜ್ಜೀ, ನಿನಗೆ ಇದು ಕಷ್ಟವಾಗಿರಬೇಕು. ಇನ್ನಷ್ಟು ಹೇಳುತ್ತೀಯಾ?" ಎಂದಳು.

"ಹಾಲು ಉಕ್ಕಿದೆ. ಇನ್ನಷ್ಟು ಏನು ಹೇಳ್ಲಿ? ಒಲೆ ಆರಿಸು," ಎಂದಳು ಅಜ್ಜಿ. ಒರೆಸುವ ಬಟ್ಟೆ ಹುಡುಕುತ್ತ ಗೊಣಗಿದಳು. "ಫೋನ್ ಮಾಡಿದ್ರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತಾಳಲ್ಲ, ಅವಳ ಥರ ಆಗ್ಬಿಟ್ಟಿದ್ದೀಯ. ನನ್ನ ಮೊಮ್ಮಗಳ ಜೊತೆ ಮಾತಾಡ್ಬೇಕು ಅಂದ್ರೆ ಎಷ್ಟನ್ನ ಒತ್ಬೇಕು?"

ಹುಡುಗಿಗೆ ನಗು ಬಂತು, ಜೊತೆಗೆ ಅಳುವೂ ಬಂತು. ಪಾಪ ಅಂದರೆ ಫೇಲು, ಅನ್ನದಿದ್ದರೆ ಮನೆಯಲ್ಲಿ ಪರಕೀಯಳು. ಎರಡು ದಡವೂ ಕೈತಪ್ಪಿದ ಹಾಗಾಗಿತ್ತು. ಮೇಡಂ ಮೇಲೆ ಸಿಟ್ಟು ಬಂತು. ಕರುಣೆಗೂ ಒಂದು ಪಟ್ಟಿಯೇ, ಅದಕ್ಕೂ ಒಂದು ಅಂಕವೇ ಎಂದು ಮನಸ್ಸಿನಲ್ಲೇ ಜಗಳ ಆಡಿದಳು.

ಭಾನುವಾರ ಬೆಳಿಗ್ಗೆ ಅಮ್ಮ ಬೇಕರಿಗೆ ಹೋಗಿಯಾಗಿತ್ತು. ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ಕಿಟಕಿಯ ಬಳಿ ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಟ್ಟಿದ್ದ ಗಂಟಿನಿಂದ ಬಿಳಿಯ ತೋಳೊಂದು ಇಣುಕುತ್ತಿತ್ತು. ನಾಳೆ ಪರೀಕ್ಷೆ. ಕೋಟನ್ನು ಒಮ್ಮೆ ನೋಡಿದರೆ ಧೈರ್ಯ ಬಂದೀತು ಎಂಬ ಆಸೆಗೆ ಹುಡುಗಿ ಮೆಲ್ಲಗೆ ಎಳೆದು ಬಿಡಿಸಿದಳು.

ಮೇಲಿನ ಎರಡು ಕಾಜಗಳು ಮಾತ್ರ ಮುಗಿದಿದ್ದವು. ಮೊದಲನೆಯದು ಸೊಟ್ಟಗಿತ್ತು. ದಾರ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಹಲ್ಲು ಬಿದ್ದ ಬಾಯಿಯಂತೆ ತೆರೆದುಕೊಂಡಿತ್ತು. ಎರಡನೆಯದನ್ನು ಬಿಚ್ಚಿ ಮತ್ತೆ ಹಾಕಿದ ಗುರುತಿತ್ತು. ಸುತ್ತಲೂ ಬಿಳಿ ಬಟ್ಟೆಯ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆಗಳು. ರಕ್ತ ಒಣಗಿದರೆ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದು ನರ್ಸಿಂಗ್ ಓದುವವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಮುಟ್ಟಬೇಡ ಅಂದಿರಲಿಲ್ವಾ ನಾನು?"

ಅಜ್ಜಿ ಒದ್ದೆ ಕೂದಲಲ್ಲಿ ಬಾಗಿಲಲ್ಲಿ ನಿಂತಿದ್ದಳು. ಹುಡುಗಿಯ ನಾಲಿಗೆಯ ತುದಿಗೆ ಅಯ್ಯೋ ಪಾಪ ಬಂದೇಬಿಟ್ಟಿತ್ತು. ಆದರೆ ಅಜ್ಜಿಯ ಮುಖ ನೋಡಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಕದ್ದು ಸಿಕ್ಕಿಬಿದ್ದವರ ಭಯವಿತ್ತು. ತನ್ನ ಅಜ್ಜಿ ತನಗೇ ಹೆದರಿದ್ದನ್ನು ಅವಳು ಜನ್ಮದಲ್ಲಿ ಮೊದಲ ಸಲ ಕಂಡಳು. ಬಂದ ಮಾತು ಹಿಂದಕ್ಕೆ ಹೋಯಿತು. ಪಟ್ಟಿಯ ವಾಕ್ಯವೂ ನೆನಪಾಗಲಿಲ್ಲ. ಅವಳು ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು.

"ದಾರದ ಬಣ್ಣ ಬಿಟ್ಟಿದೆ ಅಷ್ಟೇ," ಎಂದಳು ಅಜ್ಜಿ.

ಹುಡುಗಿ ಕಾಜವನ್ನು ನೋಡಿದಳು. ದಾರ ಬಿಳಿಯದು.

"ಕನ್ನಡಕ ಸರಿಯಿಲ್ಲ. ಬದಲಾಯಿಸ್ಬೇಕು ಅಂತ ನಿಮ್ಮಮ್ಮಂಗೆ ಹೇಳಿದ್ದೆ."

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಬಾರಿಸಿಕೊಂಡು ಹೋದರು. ಅಜ್ಜಿ ಬಂದು ಎದುರಿಗೆ ಚಾಪೆಯ ಮೇಲೆ ಕೂತಳು, ಟವೆಲಿನ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ಅಂಗೈ ಮೇಲೆ ಮಾಡಿ ಎರಡೂ ಕೈಗಳನ್ನು ಮೊಮ್ಮಗಳ ಮುಂದೆ ಚಾಚಿದಳು. ಬೆರಳ ತುದಿಗಳ ತುಂಬ ಸೂಜಿ ಚುಚ್ಚಿದ ಗುರುತುಗಳು.

"ಚುಚ್ಚಿದ್ದು ಗೊತ್ತಾಗಲ್ಲ ಪುಟ್ಟಿ," ಎಂದಳು. "ಬೆರಳು ನಂದಲ್ಲವೇನೋ ಅನ್ನೋ ಹಾಗಿದೆ. ಮೊದಲು ಸೂಜಿ ಕೆಳಗಡೆ ಎಲ್ಲಿದೆ ಅಂತ ಬೆರಳಿಗೇ ಗೊತ್ತಾಗ್ತಿತ್ತು, ನೋಡೋ ಅಗತ್ಯನೇ ಇರಲಿಲ್ಲ. ಈಗ ಬಟ್ಟೆ ಕೆಂಪಾದ ಮೇಲೆ ತಿಳಿಯುತ್ತೆ. ಟೈಲರ್ ಎರಡು ಗಂಟು ವಾಪಸ್ ಕಳಿಸಿದ. ಬಾಯಿಬಿಟ್ಟು ಏನೂ ಅನ್ನಲಿಲ್ಲ, ಒಳ್ಳೆಯವನು. ಆದ್ರೆ ಈಗ ಕಳಿಸೋದೇ ಕಡಿಮೆ ಮಾಡಿದ್ದಾನೆ."

"ಯಾಕಜ್ಜಿ ನನಗೆ ಹೇಳಲಿಲ್ಲ?"

"ಹೇಳಿದ್ರೆ ಪಾಪ ಅಂತಿದ್ದೆ."

ಅಷ್ಟು ಹೇಳಿ ಅಜ್ಜಿ ಕೈಗಳನ್ನು ಟವೆಲಿನಲ್ಲಿ ಮುಚ್ಚಿಕೊಂಡಳು. ಈ ಸಲ ಹುಡುಗಿಗೆ ಸುಮ್ಮನಿರುವುದು ಕಷ್ಟವೆನಿಸಲಿಲ್ಲ.

"ಊರಿಗೆಲ್ಲ ಪಾಪ ಅನ್ನೋಳು ನಾನು, ನನಗೆ ಗೊತ್ತಿಲ್ವಾ ಅದರ ಹಣೆಬರಹ?" ಎಂದಳು ಅಜ್ಜಿ. "ಪಾಪ ಅಂದ್ಮೇಲೆ ಅವರ ಕೈಗೆ ಒಂದು ಲೋಟ ಚಹಾ ಕೊಡ್ತೀನಿ. ಕತ್ತರಿ ಕೊಡ್ತೀನಾ? ಕೆಲಸ ಹೇಳ್ತೀನಾ? ಕೂತ್ಕೊಳ್ಳಿ, ಸುಧಾರಿಸ್ಕೊಳ್ಳಿ ಅಂತೀನಿ. ನೀನೂ ನಿಮ್ಮಮ್ಮನೂ ಸೇರಿ ನನ್ನನ್ನೂ ಹಾಗೇ ಕೂರಿಸ್ತೀರ. ಸೂಜಿ ಕಿತ್ಕೋತೀರ. ಪ್ರೀತಿಯಿಂದಲೇ ಕಿತ್ಕೋತೀರ, ಅದು ಬೇರೆ ಮಾತು. ಆಮೇಲೆ ಈ ಕಿಟಕಿ ಹತ್ರ ಕೂತು ನಾನು ಏನು ಮಾಡ್ಲಿ? ನಿನ್ನ ಕೋಟಾದ್ರೂ ಮುಗಿಸ್ಬೇಕು ಅಂತಿದ್ದೆ."

ಪಾಪಮ್ಮನಿಗೆ ಮೇಡಂ ಆಡಿದ ಪ್ರತಿ ಮಾತೂ ಆಗ ಅರ್ಥವಾಯಿತು. ಎಷ್ಟು ವರ್ಷ ಈ ಅಜ್ಜಿಯ ಪಕ್ಕದಲ್ಲೇ ಕೂತು ಎಷ್ಟು ಪಾಪ ಹಂಚಿದ್ದಳು. ಅಜ್ಜಿಯ ಒಳಮಾತಿಗೆ ಜಾಗ ಬಿಟ್ಟಿದ್ದು ಇದೇ ಮೊದಲು. ಅಜ್ಜಿಯ ಮೇಲೆ ಪ್ರೀತಿ ಉಕ್ಕಿಬಂತು. ಅಪ್ಪಿಕೊಳ್ಳಬೇಕೆನಿಸಿತು, ಸೂಜಿಯನ್ನು ಕಿತ್ತು ಬಿಸಾಡಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ಕಣ್ಣೊರೆಸಿಕೊಂಡು ಕೇಳಿದಳು.

"ಇನ್ನೂ ಮೂರು ಕಾಜ ಬಾಕಿ ಇದೆ. ಹೇಗೆ ಮಾಡೋಣ ಹೇಳು."

ಅಜ್ಜಿ ಅವಳ ಮುಖ ನೋಡಿದಳು. ಈ ಹುಡುಗಿ ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಗಂಟಲು ಸರಿಮಾಡಿಕೊಂಡು, ಹಳೆಯ ಯಜಮಾನಿಕೆಯ ದನಿಯಲ್ಲಿ ಹೇಳಿದಳು. "ಬಟ್ಟೆ ಬಿಗಿಯಾಗಿ ಹಿಡಿ. ಅಷ್ಟು ಗಟ್ಟಿ ಬೇಡ, ಅದೇನು ಓಡಿಹೋಗುತ್ತಾ? ಹಾಂ, ಹಾಗೆ."

ಮೊಮ್ಮಗಳು ಬಟ್ಟೆ ಹಿಡಿದಳು, ಅಡಿಯಲ್ಲಿ ತನ್ನ ಬೆರಳಿಟ್ಟಳು. ಅಜ್ಜಿ ಮೇಲಿನಿಂದ ಸೂಜಿ ಇಳಿಸಿದಳು. ತುದಿ ಕೆಳಗೆ ತಾಕಿದ ಕೂಡಲೇ ಹುಡುಗಿ "ಬಂತು" ಎನ್ನುವಳು, ಅಜ್ಜಿ ನಿಲ್ಲಿಸಿ ಓರೆ ಮಾಡಿ ಮೇಲೆತ್ತುವಳು. ಅಜ್ಜಿಯ ಬೆರಳಿಗೆ ಗೊತ್ತಾಗದ್ದನ್ನು ಮೊಮ್ಮಗಳ ಬೆರಳು ತಿಳಿದು ಹೇಳುತ್ತಿತ್ತು. ಬಂತು. ಬಂತು. ಸ್ವಲ್ಪ ಈ ಕಡೆ. ಬಂತು. ಹೊಲಿಗೆಗಳು ಒಂದರ ಪಕ್ಕ ಒಂದು ಒತ್ತಾಗಿ ಕೂತವು. ಕೈ ಅಜ್ಜಿಯದೇ, ಅಳತೆ ಅಜ್ಜಿಯದೇ, ಬೈಗುಳವೂ ಅಜ್ಜಿಯದೇ. ಒಂದು ಸಲ ಮಾತ್ರ ಹುಡುಗಿ ಹೇಳುವುದು ತಡವಾಗಿ ಸೂಜಿ ಅವಳ ಬೆರಳಿಗೇ ಇಳಿಯಿತು.

"ಆಯ್!"

"ಅಯ್ಯೋ ಪಾಪ!" ಎಂದಳು ಅಜ್ಜಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅರ್ಧ ಅಂಕ ಕಟ್ ಅಜ್ಜಿ," ಎಂದಳು ಮೊಮ್ಮಗಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗದೆ ಕೋಟು ಕೆಳಗೆ ಬಿತ್ತು.

ಸಂಜೆಯ ಹೊತ್ತಿಗೆ ಕೆಳಗಿನ ಮೂರೂ ಕಾಜ ಮುಗಿದವು. ಮೇಲಿನ ಸೊಟ್ಟ ಕಾಜ ಹಾಗೇ ಉಳಿಯಿತು. ಬಟ್ಟೆ ಸೀಳಿದ ಮೇಲೆ ಕಾಜದ ಜಾಗ ಬದಲಾಯಿಸಲು ಬರುವುದಿಲ್ಲ. ಚುಕ್ಕೆಗಳನ್ನು ಉಪ್ಪುನೀರಿನಲ್ಲಿ ನೆನೆಸಿ ತೆಗೆದರು. ನಡುವೆ ಹುಡುಗಿ ಒಂದು ಕರಾರು ಹಾಕಿದಳು. ಬೆರಳು ಹೀಗೆ ಜೋಮು ಹಿಡಿಯುವುದಕ್ಕೆ ಸಕ್ಕರೆ ಕಾಯಿಲೆಯೂ ಕಾರಣವಿರಬಹುದು, ಈ ವಾರವೇ ರಕ್ತ ಪರೀಕ್ಷೆ ಮಾಡಿಸಬೇಕು. "ಸೂಜಿ ನಿನ್ನ ಹತ್ರನೇ ಇರುತ್ತೆ. ಆದ್ರೆ ಆಸ್ಪತ್ರೆಗೆ ನನ್ನ ಜೊತೆ ಬರ್ಬೇಕು." ಅಜ್ಜಿ ಮೂತಿ ಊದಿಸಿಕೊಂಡೇ ಒಪ್ಪಿದಳು.

ಸೋಮವಾರ ಹಿಂದಿನ ಕೋಣೆಯ ಹೊರಗೆ ಕಳೆದ ಸಲ ಫೇಲಾದವರೆಲ್ಲ ಸಾಲಾಗಿ ನಿಂತಿದ್ದರು. ಪಾಪಮ್ಮನ ಸರದಿ ಕೊನೆಯದು. ಒಳಗೆ ಹೋಗಿ ಬಂದ ಗೆಳತಿಯೊಬ್ಬಳು ಪಿಸುಗುಟ್ಟಿದಳು. "ಇವತ್ತು ಲಕ್ವಾ ಕಣೇ, ಬಲಗೈ ಬಿದ್ದುಹೋಗಿದೆ. ಸುಲಭ. ನಾನು ವಾಕ್ಯ ಎಲ್ಲಾ ಹೇಳ್ದೆ, ಅವರ ಗುಂಡಿನೂ ಹಾಕಿಕೊಟ್ಟೆ."

ಪಾಪಮ್ಮ ಪರದೆ ಸರಿಸಿದಳು. ನೋವಿನ ಮೇಷ್ಟ್ರು ಮಂಚದ ಅಂಚಿನಲ್ಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಅಂಗಿಯ ಗುಂಡಿಗಳೆಲ್ಲ ತೆರೆದಿದ್ದವು, ಎಡಗೈ ಒಂದು ಗುಂಡಿಯ ಜೊತೆ ಗುದ್ದಾಡುತ್ತಿತ್ತು. ಮೇಡಂ ಮೂಲೆಯಲ್ಲಿ ಪೆನ್ನು ಹಿಡಿದು ಕೂತಿದ್ದರು.

ಅವಳು ತಾನು ಯಾರೆಂದು ಹೇಳಿ ನಮಸ್ಕರಿಸಿದಳು. ಗುಂಡಿ ಜಾರಿತು. ಮೇಷ್ಟ್ರು ಮತ್ತೆ ಹಿಡಿದರು, ಮತ್ತೆ ಜಾರಿತು. ಆ ಎಡಗೈಯನ್ನು ನೋಡುತ್ತಿದ್ದಂತೆ ಪರೀಕ್ಷೆ, ಅಂಕ, ಮೇಡಂ ಎಲ್ಲ ಅವಳಿಗೆ ಮರೆತೇಹೋಯಿತು. ಎದುರಿಗೆ ಕಂಡದ್ದು ಕಿಟಕಿಯ ಬಳಿಯ ಚಾಪೆ.

"ಸರ್, ನಾನು ಹಾಕ್ಲಾ, ಇಲ್ಲಾ ನೀವೇ ಹಾಕ್ಕೋತೀರಾ?"

ಮೇಷ್ಟ್ರು ತಲೆಯೆತ್ತಿದರು. "ನಾನೇ."

"ಸರಿ. ನಾನು ಬಟ್ಟೆ ಹಿಡ್ಕೋತೀನಿ." ಅವಳು ಸ್ಟೂಲು ಎಳೆದುಕೊಂಡು ಕೂತು ಕಾಜದ ಅಂಚನ್ನು ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿದಳು. ಓಡಿಹೋಗುವಷ್ಟು ಸಡಿಲವಾಗಿಯೂ ಅಲ್ಲ, ಎಳೆದಂತಾಗುವಷ್ಟು ಗಟ್ಟಿಯಾಗಿಯೂ ಅಲ್ಲ. ಗುಂಡಿ ಹತ್ತಿರ ಬಂದು ತಪ್ಪಿತು. ಅವಳು ಕಾದಳು. ಗುಂಡಿ ಒಳಗೆ ಹೋಯಿತು. ಇನ್ನೊಂದಕ್ಕೆ ಇಳಿದರು. ಗುಂಡಿಯ ಮೇಲೆ ಕಣ್ಣಿಟ್ಟುಕೊಂಡೇ ಮೇಷ್ಟ್ರು ಮಾತು ತೆಗೆದರು.

"ಮೊಮ್ಮಗನಿಗೆ ಶೂ ಲೇಸ್ ಕಟ್ಟೋದು ನನ್ನ ಕೆಲಸ. ದಿನಾ ಬೆಳಿಗ್ಗೆ ಕಾಲು ಮುಂದೆ ಚಾಚ್ಕೊಂಡು ಕೂರ್ತಾನೆ, ರಾಜನ ಥರ."

ಅವಳು ನಕ್ಕಳು, ಕೈ ಸಡಿಲಿಸಲಿಲ್ಲ.

"ಮನೆಗೆ ಹೋಗಬಹುದು ಅಂದಿದ್ದಾರೆ ಡಾಕ್ಟ್ರು. ಹೋಗೋಕೆ ಭಯ ಆಗ್ತಿದೆ ಕಣಮ್ಮ. ಇನ್ಮೇಲೆ ಅವನು ನನ್ನ ಮುಂದೆ ಕಾಲು ಚಾಚಲ್ಲ. ಅವರಮ್ಮ ಬೇಡ ಅಂತಾಳೆ, ತಾತಂಗೆ ತೊಂದರೆ ಕೊಡಬೇಡ ಅಂತಾಳೆ."

"ಎಡಗೈಯಲ್ಲಿ ಲೇಸ್ ಕಟ್ಟೋಕೆ ಬರುತ್ತಾ ಸರ್?"

"ಕಲೀಬೇಕು. ನಿಧಾನ ಆಗುತ್ತೆ."

"ಅವನಿಗೂ ಒಂದು ತುದಿ ಹಿಡ್ಕೊಳ್ಳೋಕೆ ಹೇಳಿ," ಎಂದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಕೊನೆಯ ಗುಂಡಿ ಬಾಕಿ ಇತ್ತು. ಅವಳು ಬಟ್ಟೆ ಬಿಡದೆ 'ಒಂದೇ ಒಂದು' ಎನ್ನುವಂತೆ ಮೇಡಂ ಕಡೆ ನೋಡಿದಳು. ಮೇಡಂ ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತರು. ಮೇಷ್ಟ್ರು ಕೊನೆಯ ಗುಂಡಿಯನ್ನೂ ತಾವೇ ಹಾಕಿಕೊಂಡರು.

"ಪಟ್ಟಿಯಲ್ಲಿರೋ ಒಂದು ವಾಕ್ಯನೂ ಹೇಳಲಿಲ್ಲ ನೀನು," ಎಂದರು ಮೇಡಂ.

ಆಗ ಅವಳಿಗೆ ಪರೀಕ್ಷೆ ನೆನಪಾಯಿತು. "ಮರೆತುಹೋಯ್ತು ಮೇಡಂ."

"ಅದಕ್ಕೆಲ್ಲ ಕಡಿದಿದ್ದೀನಿ. ಹೇಳದ ವಾಕ್ಯಕ್ಕೆ ಅಂಕ ಕೊಡೋಕೆ ನನಗೆ ಬರಲ್ಲ."

ಮೇಷ್ಟ್ರು ಬಲಗೈಗೆ ಜೀವ ಬರಿಸಿಕೊಂಡು ಬಿಸ್ಕತ್ತಿಗೆ ಕೈ ಹಾಕಿದರು. "ಮೇಡಂ, ಬೆಳಿಗ್ಗೆಯಿಂದ ನನ್ನ ಗುಂಡಿ ಹಾಕಿದೋರೇ ಎಲ್ಲಾ. ಯಾರ ಹತ್ರನೂ ಬಾಯಿ ಬಿಡಲಿಲ್ಲ. ಈ ಹುಡುಗಿ ಹತ್ರ ಹೇಳ್ಬೇಕೋ ಬೇಡ್ವೋ ಅಂತ ಯೋಚನೆ ಮಾಡೋ ಹೊತ್ತಿಗೆ ಅರ್ಧ ಹೇಳೇಬಿಟ್ಟಿದ್ದೆ. ಆ ಲೇಸಿನ ತುದಿ ಹಿಡಿಯೋ ಮಾತಂತೂ ನೀವು ಬರೆದುಕೊಟ್ಟಿದ್ದರಲ್ಲಿ ಇರಲೇ ಇಲ್ಲ."

ಮೇಡಂ ಕೂಡಿ ಕಳೆದು ಲೆಕ್ಕ ಹಾಕಿದರು. ಅವಳು ಪೆನ್ನಿನ ತುದಿಯನ್ನೇ ನೋಡುತ್ತ ನಿಂತಳು.

"ಸರಿಯಾಗಿ ಗೆರೆ ಮೇಲೆ ನಿಂತಿದ್ದೀಯ," ಎಂದರು ಕೊನೆಗೆ. "ಪಾಸು. ಒಂದೇ ಒಂದು ಪಾಪ ಅಂದಿದ್ರೂ ಆ ಕಡೆ ಬೀಳ್ತಿದ್ದೆ." ಆಮೇಲೆ ದನಿ ಇಳಿಸಿ ಕೇಳಿದರು, "ಬಟ್ಟೆ ಹಾಗೆ ಹಿಡಿಯೋದನ್ನ ಯಾರು ಹೇಳಿಕೊಟ್ರು?"

"ನಮ್ಮಜ್ಜಿ ಮೇಡಂ."

"ಅವರಿಗೆ ನನ್ನ ನಮಸ್ಕಾರ ಹೇಳು," ಎಂದರು ಅರ್ಧ ಅಂಕದ ಮೇಡಂ. ಅವರ ಮುಖದಲ್ಲಿ ಅವತ್ತು ಪೂರ್ತಿ ಒಂದು ನಗುವಿತ್ತು.

ವಾರ್ಡಿನ ಮೊದಲ ದಿನ ಅವಳು ಬಿಳಿ ಕೋಟು ತೊಟ್ಟು ಹೋದಳು. ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಒಬ್ಬ ವಯಸ್ಸಾದ ಹೆಂಗಸಿನ ನಾಡಿ ನೋಡಲು ಬಗ್ಗಿದಾಗ ಆಕೆಯ ಕಣ್ಣು ಮೇಲಿನ ಕಾಜದ ಮೇಲೆ ಬಿತ್ತು. "ಪಾಪ," ಎಂದರು ಆಕೆ. "ಯಾರೋ ಈಗಿನ್ನೂ ಕಲಿಯೋರ ಕೈಲಿ ಹಾಕಿಸಿದ್ದೀಯ ಅನ್ಸುತ್ತೆ. ಸೊಟ್ಟಗಿದೆ."

"ಇಲ್ಲಮ್ಮ. ನಮ್ಮಜ್ಜಿ ಹಾಕಿದ್ದು. ಕಾಜ ಹಾಕೋದರಲ್ಲಿ ಅವರನ್ನ ಮೀರಿಸೋರಿಲ್ಲ," ಎಂದಳು. ಸ್ವಲ್ಪ ಬಗ್ಗಿ ಕೆಳಗಿನ ಕಾಜಗಳನ್ನೂ ತೋರಿಸಿದಳು. ಆಕೆ ಬೆರಳಿಂದ ಮುಟ್ಟಿ ನೋಡಿ, ನಿಜ ಎನ್ನುವಂತೆ ತಲೆಯಾಡಿಸಿದರು.

ಸಂಜೆ ಮನೆಗೆ ಬಂದಾಗ ಅಜ್ಜಿ ಕಿಟಕಿಯ ಬಳಿ ಇದ್ದಳು. ರಕ್ತ ಪರೀಕ್ಷೆ ಆಗಿತ್ತು, ಅನುಮಾನ ನಿಜವಾಗಿತ್ತು, ಮಾತ್ರೆಗಳು ರೇಡಿಯೋದ ಪಕ್ಕ ಕೂತಿದ್ದವು. ಟೈಲರ್ ಕಳಿಸಿದ ಪುಟ್ಟ ಗಂಟೊಂದು ತೊಡೆಯ ಮೇಲಿತ್ತು. ಮೊಮ್ಮಗಳು ವಾರ್ಡಿನ ಸುದ್ದಿಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು, ಸೊಟ್ಟ ಕಾಜದ ಸಂಗತಿಯನ್ನೂ ಬಿಡಲಿಲ್ಲ. ಅಜ್ಜಿಯ ಹುಬ್ಬು ಗಂಟಿಕ್ಕಿತು.

"ಪಾಪ ಅಂದ್ಳಾ? ಯಾರಿಗೆ? ನನಗಾ?"

"ಕೋಟಿಗೆ ಅಜ್ಜಿ. ಕೋಟಿಗೆ."

"ಹಾಗಾದ್ರೆ ಸರಿ," ಎಂದಳು ಅಜ್ಜಿ. ಸೂಜಿಯನ್ನೂ ದಾರವನ್ನೂ ಮೊಮ್ಮಗಳ ಮುಂದೆ ಹಿಡಿದಳು. "ಬಾ ಇಲ್ಲಿ. ಪೋಣಿಸಿಕೊಡು."